ಡಯಲ್-ಅಪ್ ಇಂಟರ್ನೆಟ್ ಸುಲಭವಾಗಿದ್ದು ಹೇಗೆ?

1994ರ ಸುಮಾರಿಗೆ ವಿಂಡೋಸ್ 3.1 ಇದ್ದ ಕಂಪ್ಯೂಟರಿಗೆ ಡಯಲ್-ಅಪ್, ಅಂದರೆ ಫೋನ್ ಲೈನಿನಲ್ಲಿ ಡಯಲ್ ಮಾಡಿ ಪಡೆಯುವ ಇಂಟರ್ನೆಟ್ ಬೇಕೆಂದರೆ ಟ್ರಂಪೆಟ್ ವಿನ್‌ಸಾಕ್ ಎಂಬ ಪ್ರೋಗ್ರಾಂ ಹಾಕಿಕೊಳ್ಳಬೇಕಿತ್ತು. ಟಾಸ್ಮೇನಿಯಾದ ಪೀಟರ್ ಟ್ಯಾಟಮ್ ಬರೆದದ್ದು. ಇಂಟರ್ನೆಟ್ ಬಳಸಲು ಬೇಕಾದ ಟಿಸಿಪಿ/ಐಪಿ ಎಂಬ ಸಂವಹನ ನಿಯಮಗಳ ಸಾಫ್ಟ್‌ವೇರ್ ಆಗಿನ ವಿಂಡೋಸ್ ಜೊತೆಗೆ ಬರುತ್ತಿರಲಿಲ್ಲ. ಆ ಕೊರತೆಯನ್ನು ಈ ಪ್ರೋಗ್ರಾಂ ತುಂಬುತ್ತಿತ್ತು. ಅದರ ಸೆಟಪ್ ತೆರೆದರೆ ಒಂದು ಫಾರಂ ಎದುರಾಗುತ್ತಿತ್ತು. ಐಪಿ ವಿಳಾಸ, ನೆಟ್‌ಮಾಸ್ಕ್, ನೇಮ್ ಸರ್ವರ್, ಟೈಮ್ ಸರ್ವರ್, ಡೊಮೇನ್ ಸಫಿಕ್ಸ್, ಪ್ಯಾಕೆಟ್ ವೆಕ್ಟರ್, ಎಂಟಿಯು, ಆರ್‌ವಿನ್, ಎಂಎಸ್‌ಎಸ್, ಪೋರ್ಟ್ ಸಂಖ್ಯೆ, ಬಾಡ್ ರೇಟ್. ಎಂಟಿಯು ಅಂದರೆ ಮಾಹಿತಿಯ ಒಂದು ಕಟ್ಟಿನ (ಪ್ಯಾಕೆಟ್) ಗರಿಷ್ಠ ಗಾತ್ರ, ಎಂಎಸ್‌ಎಸ್ ಅಂದರೆ ಅದರೊಳಗೆ ಹಿಡಿಸುವ ಮಾಹಿತಿಯ ಗಾತ್ರ. ಎಂಎಸ್‌ಎಸ್ ಎಂಬುದು ಎಂಟಿಯುಗಿಂತ 40 ಬೈಟ್ ಕಡಿಮೆ ಇರಬೇಕು, ಅದನ್ನೂ ನೀವೇ ಕಳೆದು ಬರೆಯಬೇಕು. ಕಂಪ್ಯೂಟರಿಗೆ ಕಳೆಯುವ ಲೆಕ್ಕ ಬರುವುದಿಲ್ಲವೇನೋ ಅನ್ನುವ ಹಾಗೆ!

ಮಗನಿಗೆ ಇಮೇಲ್ ಕಳಿಸಬೇಕು ಅಂತ ಕೂತ ಮೇಷ್ಟ್ರು ಇದನ್ನು ನೋಡಿ ಏನು ಮಾಡಬೇಕು? ಅವರ ಹತ್ತಿರ ಇರುವುದು ಒಂದು ಫೋನ್ ಲೈನ್, ಕಂಪ್ಯೂಟರಿನ ಮಾಹಿತಿಯನ್ನು ಸದ್ದು ಮಾಡಿ ಆ ಲೈನಿನಲ್ಲಿ ಕಳಿಸುವ ಒಂದು ಮೋಡೆಮ್, ಇಂಟರ್ನೆಟ್ ಕಂಪನಿ ಕೊಟ್ಟ ಒಂದು ಕಾಗದ. ಆ ಕಾಗದದಲ್ಲಿ ಫೋನ್ ನಂಬರು, ಯೂಸರ್‌ನೇಮ್, ಪಾಸ್‌ವರ್ಡ್ ಇರುತ್ತವೆ. ಮಿಕ್ಕ ಪ್ರಶ್ನೆಗಳಿಗೆಲ್ಲ ಉತ್ತರ ಇರುವುದು ಆ ಕಡೆಯ ಸರ್ವರಿನಲ್ಲೋ ಮೋಡೆಮ್ಮಿನ ಒಳಗೋ. ಡಯಲ್-ಅಪ್ ಕಷ್ಟವಾಗಿದ್ದಕ್ಕೆ ಕಾರಣ ಇಷ್ಟೇ. ಉತ್ತರ ಗೊತ್ತಿದ್ದವರನ್ನು ಬಿಟ್ಟು ಗೊತ್ತಿಲ್ಲದವರನ್ನು ಪ್ರಶ್ನೆ ಕೇಳುತ್ತಿದ್ದರು. ಮುಂದಿನ ಐದಾರು ವರ್ಷಗಳಲ್ಲಿ ಅದು ಸುಲಭವಾಗಿದ್ದು ಚೆಂದದ ಕೈಪಿಡಿ ಬರೆದದ್ದರಿಂದಲ್ಲ. ಫಾರಂನಲ್ಲಿದ್ದ ಖಾಲಿ ಜಾಗಗಳು ಒಂದೊಂದಾಗಿ ಮಾಯವಾಗಿದ್ದರಿಂದ. ಹೇಗೆ ಮಾಯವಾದವು ಅಂತ ನೋಡೋಣ.

ಮೊದಲು, ಡಯಲ್ ಮಾಡಿದಾಗ ಒಳಗೆ ನಡೆಯುವುದೇನು? ಕಂಪ್ಯೂಟರು ಮೋಡೆಮ್‌ಗೆ ಒಂದು ಆಜ್ಞೆ ಕಳಿಸುತ್ತದೆ. ಎಟಿಡಿಟಿ, ಅದರ ಹಿಂದೆ ಫೋನ್ ನಂಬರು. ಎಟಿ ಅಂದರೆ 'ಇಲ್ಲಿ ಕೇಳು', ಡಿ ಅಂದರೆ ಡಯಲ್, ಕೊನೆಯ ಟಿ ಅಂದರೆ ಟೋನ್. ಹೇಯ್ಸ್ ಕಂಪನಿ 1981ರಲ್ಲಿ ತಂದ ಸ್ಮಾರ್ಟ್‌ಮೋಡೆಮ್‌ನಲ್ಲಿ ಈ ಆಜ್ಞೆಗಳಿದ್ದವು. ಮಿಕ್ಕ ಕಂಪನಿಗಳೂ ಅವನ್ನೇ ಎತ್ತಿಕೊಂಡವು. ಹಳೆಯ ಎಕ್ಸ್‌ಚೇಂಜ್ ಆಗಿದ್ದು ಟೋನ್ ಅರ್ಥವಾಗದಿದ್ದರೆ ಟಿ ಬದಲು ಪಿ ಹಾಕಬೇಕು. ಆಗ ಮೋಡೆಮ್ ಹಳೇ ತಿರುಗುವ ಡಯಲ್ಲಿನ ಫೋನಿನಂತೆ ಟಕ ಟಕ ಅಂತ ಪಲ್ಸ್ ಕಳಿಸುತ್ತದೆ. ಆಫೀಸಿನಲ್ಲಿ ಹೊರಗಿನ ಲೈನಿಗೆ ಮೊದಲು ಸೊನ್ನೆ ಒತ್ತಬೇಕಾದರೆ ಸೊನ್ನೆ, ಆಮೇಲೆ ಒಂದು ಅಲ್ಪವಿರಾಮ. ಆ ಅಲ್ಪವಿರಾಮಕ್ಕೆ ಮೋಡೆಮ್ ಸಾಮಾನ್ಯವಾಗಿ ಎರಡು ಸೆಕೆಂಡು ಕಾಯುತ್ತದೆ.

ಆ ಕಡೆಯ ಮೋಡೆಮ್ ಎತ್ತಿಕೊಂಡ ಮೇಲೆ ಶುರು, ಎಲ್ಲರಿಗೂ ನೆನಪಿರುವ ಆ ಕೂಗಾಟ. ಮೊದಲಿಗೆ ಕುಂಯ್ ಅಂತ ಒಂದೇ ಸ್ವರದ ಉದ್ದ ಸದ್ದು. ಅದು ಕರೆಗೆ ಉತ್ತರ ಕೊಡುವ 2100 ಹರ್ಟ್ಸ್‌ನ ಸ್ವರ. ಫೋನ್ ಜಾಲದಲ್ಲಿ ಜನರ ಮಾತಿನ ಪ್ರತಿಧ್ವನಿ ಅಳಿಸುವ ಯಂತ್ರಗಳಿರುತ್ತವಲ್ಲ, ಅವಕ್ಕೆ 'ಇದು ಮನುಷ್ಯರ ಮಾತಲ್ಲ, ನೀವು ಸುಮ್ಮನಿರಿ' ಎಂದು ಹೇಳುವ ಸದ್ದು ಅದು. ಆಮೇಲೆ ಎರಡೂ ಮೋಡೆಮ್‌ಗಳು ತಮಗೆ ಯಾವ ಯಾವ ವೇಗ ಬರುತ್ತದೆ ಎಂದು ಹೇಳಿಕೊಳ್ಳುತ್ತವೆ. ಕೊನೆಯ ಆ ಖರ್ರ್ ಸದ್ದಿನಲ್ಲಿ ಲೈನ್ ಎಷ್ಟು ಕೆಟ್ಟಿದೆ ಅಂತ ಅಳೆಯುತ್ತವೆ. ಫೋನ್ ಲೈನಿನಲ್ಲಿ ಸಾಗುವುದು ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಸದ್ದು ಮಾತ್ರ. ಆ ಸಣ್ಣ ಜಾಗದಲ್ಲೇ ಎಷ್ಟು ತುರುಕಬಹುದು ಎಂದು ಲೆಕ್ಕ ಹಾಕಿ ಒಂದು ವೇಗಕ್ಕೆ ಒಪ್ಪುತ್ತವೆ. ಒಪ್ಪಿದ ಮೇಲೆ ಸ್ಪೀಕರ್ ಬಂದ್.

ಈ ಹಂತವನ್ನು ಸ್ವಲ್ಪ ಗಮನಿಸಿ. ಇಡೀ ಕೆಲಸದಲ್ಲಿ ಅತಿ ಕಷ್ಟದ ಲೆಕ್ಕ ಇರುವುದು ಇಲ್ಲೇ. ಆದರೆ ಇಲ್ಲಿ ನಮ್ಮನ್ನು ಯಾರೂ ಏನೂ ಕೇಳಲಿಲ್ಲ. 'ನಿಮ್ಮ ಲೈನಿನಲ್ಲಿ ಗೊರಗೊರ ಎಷ್ಟಿದೆ?' ಅಂತ ಯಾವ ಫಾರಂನಲ್ಲೂ ಇರಲಿಲ್ಲ. 14.4 ಕಿಲೋಬಿಟ್‌ನಿಂದ 28.8, 33.6 ದಾಟಿ 1998ರ ವಿ.90 ಮಾನದಂಡದ 56ರವರೆಗೆ ವೇಗ ಏರಿದರೂ ಬಳಸುವವರ ಕೆಲಸ ಏರಲಿಲ್ಲ. ಮೋಡೆಮ್‌ಗಳನ್ನು ಮಾಡಿದ ಎಂಜಿನಿಯರುಗಳಿಗೆ ಮೊದಲೇ ಹೊಳೆದಿದ್ದು ಸಾಫ್ಟ್‌ವೇರ್ ಬರೆಯುವವರಿಗೆ ಹೊಳೆಯಲು ಇನ್ನಷ್ಟು ವರ್ಷ ಹಿಡಿಯಿತು.

ಮೋಡೆಮ್‌ಗಳು ಕೂಡಿಕೊಂಡ ಮೇಲೆ ಆ ಕಡೆಯ ಸರ್ವರ್ ಒಂದು ಸಾಲು ಕಳಿಸುತ್ತಿತ್ತು: ಲಾಗಿನ್. ಹೆಸರು ಕೊಟ್ಟರೆ ಇನ್ನೊಂದು: ಪಾಸ್‌ವರ್ಡ್. ಕೂತು ಟೈಪ್ ಮಾಡುವವರಿಗೆ ಇದು ಸರಿ. ಪ್ರೋಗ್ರಾಂ ತಾನೇ ಮಾಡಬೇಕೆಂದರೆ ಅದಕ್ಕೆ ಒಂದು ಸ್ಕ್ರಿಪ್ಟ್ ಬರೆದುಕೊಡಬೇಕು. ಇಂಥದ್ದು ಕಂಡರೆ ಇಂಥದ್ದು ಕಳಿಸು, ಆಮೇಲೆ ಇಂಥದ್ದಕ್ಕೆ ಕಾಯಿ. ವಿಂಡೋಸ್ ಬದಲು ಬಳಸಬಹುದಾದ ಉಚಿತ ಆಪರೇಟಿಂಗ್ ಸಿಸ್ಟಂ ಲಿನಕ್ಸ್‌ನಲ್ಲಿ ಇದಕ್ಕೆ ಚಾಟ್ ಸ್ಕ್ರಿಪ್ಟ್ ಅಂತಿದ್ದರು. ಅಂಥ ಸ್ಕ್ರಿಪ್ಟ್‌ಗಳಲ್ಲಿ ಒಂದು ವಿಚಿತ್ರ ಇರುತ್ತಿತ್ತು. 'ಲಾಗಿನ್' ಬರಲಿ ಎಂದು ಕಾಯುವ ಬದಲು, ಇಂಗ್ಲಿಷಿನ ಮೊದಲ ಅಕ್ಷರ ಎಲ್ ಕಿತ್ತುಹಾಕಿ, 'ಓಗಿನ್' ಬರಲಿ ಎಂದು ಬರೆಯುತ್ತಿದ್ದರು. ಪಾಸ್‌ವರ್ಡ್‌ಗೂ ಹಾಗೆಯೇ, ತಲೆ ಕತ್ತರಿಸಿದ 'ಸ್‌ವರ್ಡ್'. ಯಾಕೆ ಗೊತ್ತಾ? ಒಂದು ಸರ್ವರ್ ಆ ಎಲ್ ಅನ್ನು ದೊಡ್ಡಕ್ಷರದಲ್ಲಿ ಕಳಿಸುತ್ತಿತ್ತು, ಇನ್ನೊಂದು ಚಿಕ್ಕಕ್ಷರದಲ್ಲಿ. ಕೆಲವೊಮ್ಮೆ ಲೈನ್ ಕೂಡಿಕೊಳ್ಳುವ ಗಡಿಬಿಡಿಯಲ್ಲಿ ಮೊದಲ ಅಕ್ಷರ ಕಳೆದೇಹೋಗುತ್ತಿತ್ತು. ಅದನ್ನು ಬಿಟ್ಟುಬಿಟ್ಟರೆ ಎರಡೂ ತಾಪತ್ರಯ ಇಲ್ಲ. ಜಾಣತನವೇ, ಆದರೆ ಮನೆಯಲ್ಲಿ ಕೂತ ಮೇಷ್ಟ್ರಿಗೆ ಹೊಳೆಯುವ ಜಾಣತನವಲ್ಲ.

ಲಾಗಿನ್ ದಾಟಿದರೂ ಇಂಟರ್ನೆಟ್ ಬಂದಂತಲ್ಲ. ಫೋನ್ ಲೈನಿನ ಮೇಲೆ ಇಂಟರ್ನೆಟ್ ಪ್ಯಾಕೆಟ್ ಸಾಗಿಸಲು ಒಂದು ಕಟ್ಟುಪಾಡು ಬೇಕು. ಮೊದಲು ಇದ್ದದ್ದು ಸ್ಲಿಪ್. 1988ರಲ್ಲಿ ಅದನ್ನು ಬರೆದಿಟ್ಟ ದಾಖಲೆ ಬರೀ ಆರು ಪುಟದ್ದು, ಅಷ್ಟು ಸರಳ. ಸರಳವಾಗಿದ್ದೇ ತೊಂದರೆಯಾಯಿತು. ಸ್ಲಿಪ್‌ಗೆ ಪ್ಯಾಕೆಟ್ ಎಲ್ಲಿ ಮುಗಿಯುತ್ತದೆ ಎಂದು ಗುರುತು ಹಾಕುವುದು ಬಿಟ್ಟರೆ ಬೇರೇನೂ ಬಾರದು. ನಿಮ್ಮ ಐಪಿ ವಿಳಾಸ (ಇಂಟರ್ನೆಟ್ಟಿನಲ್ಲಿ ನಿಮ್ಮ ಕಂಪ್ಯೂಟರನ್ನು ಗುರುತಿಸುವ ಅಂಕಿಗಳು) ಇದು ಅಂತ ಹೇಳುವ ವ್ಯವಸ್ಥೆಯೇ ಅದರಲ್ಲಿಲ್ಲ. ಸರ್ವರು ಪರದೆಯ ಮೇಲೆ ಸುಮ್ನೆ ಒಂದು ಸಾಲಿನಲ್ಲಿ ವಿಳಾಸ ತೋರಿಸುತ್ತಿತ್ತು. ಅದನ್ನು ಓದಿಕೊಂಡು ನೀವೇ ತುಂಬಬೇಕು, ಇಲ್ಲವೇ ಸ್ಕ್ರಿಪ್ಟ್ ಅದನ್ನು ಹೆಕ್ಕಿಕೊಳ್ಳಬೇಕು.

ಸ್ಲಿಪ್ ಜಾಗಕ್ಕೆ ಬಂದದ್ದು ಪಿಪಿಪಿ. ಇಡೀ ಕಥೆಯಲ್ಲಿ ದೊಡ್ಡ ಉಪಕಾರ ಮಾಡಿದ್ದು ಇದೇ ಅನ್ನೋದು ನನ್ನ ಅಭಿಪ್ರಾಯ, ಆದರೂ ಹೆಸರು ಕೇಳಿದವರು ಕಡಿಮೆ. ಪಿಪಿಪಿ ನಡೆಯುವುದು ಸಂತೆಯ ಚೌಕಾಸಿಯಂತೆ. ಒಬ್ಬರು ಕೇಳುತ್ತಾರೆ, ಇನ್ನೊಬ್ಬರು ಒಪ್ಪುತ್ತಾರೆ, ಇಲ್ಲವೇ 'ಅದು ಬೇಡ, ಇದು ತಗೊಳ್ಳಿ' ಅನ್ನುತ್ತಾರೆ. ಐಪಿ ವಿಳಾಸವನ್ನೇ ನೋಡಿ. ನಿಮ್ಮ ಕಂಪ್ಯೂಟರು 'ನನ್ನ ವಿಳಾಸ 0.0.0.0, ಒಪ್ಪಿಗೆಯಾ?' ಎಂದು ಕೇಳುತ್ತದೆ. ಸೊನ್ನೆಗಳು ಯಾರ ವಿಳಾಸವೂ ಅಲ್ಲ ಅಂತ ಎರಡೂ ಕಡೆಗೆ ಗೊತ್ತು. ಸರ್ವರ್ 'ಅದು ಆಗಲ್ಲ, ಇದನ್ನು ಕೇಳು' ಎಂದು ಖಾಲಿ ಇರುವ ಒಂದು ನಿಜವಾದ ವಿಳಾಸ ಕಳಿಸುತ್ತದೆ. ಕಂಪ್ಯೂಟರು ಎರಡನೇ ಸಲ ಅದೇ ವಿಳಾಸ ಹಿಡಿದು ಕೇಳುತ್ತದೆ. 'ಆಯ್ತು' ಎನ್ನುತ್ತದೆ ಸರ್ವರ್. ಕಣ್ಣು ಮಿಟುಕಿಸುವುದರೊಳಗೆ ಫಾರಂನ ಮೊದಲ ಖಾಲಿ ಜಾಗ ಹೋಯಿತು.

ಯೂಸರ್‌ನೇಮ್, ಪಾಸ್‌ವರ್ಡ್ ಕೂಡ ಪಿಪಿಪಿ ಒಳಗೇ ಸೇರಿತು. ಅದಕ್ಕೆ ಪ್ಯಾಪ್, ಚಾಪ್ ಎಂಬ ಎರಡು ವಿಧಾನ. ಪ್ಯಾಪ್ ಪಾಸ್‌ವರ್ಡನ್ನು ಹಾಗೇ ಕಳಿಸುತ್ತದೆ. ಚಾಪ್ ಅದನ್ನು ಲೈನಿನ ಮೇಲೆ ಕಳಿಸದೆಯೇ 'ನನಗೆ ಗೊತ್ತು' ಎಂದು ಸಾಬೀತು ಮಾಡುತ್ತದೆ. ಯಾವುದೇ ಆದರೂ 'ಓಗಿನ್' ಸ್ಕ್ರಿಪ್ಟ್‌ನ ಹಂಗು ತಪ್ಪಿತು. ಉಳಿದದ್ದು ನೇಮ್ ಸರ್ವರ್, ಅಂದರೆ ವೆಬ್‌ಸೈಟಿನ ಹೆಸರನ್ನು ಅಂಕಿಯ ವಿಳಾಸಕ್ಕೆ ಬದಲಿಸಿಕೊಡುವ ಸರ್ವರು. ಅದರ ವಿಳಾಸವನ್ನೂ ಚೌಕಾಸಿಯಲ್ಲೇ ಕೇಳಿ ಪಡೆಯುವ ದಾರಿಯನ್ನು ಮೈಕ್ರೋಸಾಫ್ಟ್ ಹುಡುಕಿತು. 1995ರ ಡಿಸೆಂಬರಿನಲ್ಲಿ ಅದು ದಾಖಲೆಯಾಗಿ ಹೊರಬಂತು. ಮಾನದಂಡ ಮಾಡುವವರು ಇದನ್ನು ಅಷ್ಟಾಗಿ ಮೆಚ್ಚಲಿಲ್ಲ. ಆದರೆ ಕೋಟ್ಯಂತರ ಜನರ ಪಾಲಿಗೆ ಅಂಕಿಗಳನ್ನು ತಪ್ಪಿಲ್ಲದೆ ಟೈಪ್ ಮಾಡುವ ಶಿಕ್ಷೆ ತಪ್ಪಿತು.

ತಾಂತ್ರಿಕವಾಗಿ ದಾರಿ ತೆರೆದಿತ್ತು. ಆದರೂ ಕೆಲವು ಕಂಪನಿಗಳ ಸರ್ವರು ಲಾಗಿನ್ ಸಾಲನ್ನೇ ತೋರಿಸುತ್ತಿತ್ತು, ಕೆಲವು ನೇರ ಪಿಪಿಪಿಗೆ ಹೋಗುತ್ತಿದ್ದವು, ಇನ್ನು ಕೆಲವು ಒಂದು ಮೆನು ಕೊಟ್ಟು 'ಆರಿಸಿ' ಅನ್ನುತ್ತಿದ್ದವು. ನಿಮ್ಮದು ಯಾವ ಬಗೆ ಅಂತ ಗೊತ್ತಾಗುವುದು ಹೇಗೆ? ಇಲ್ಲಿ ಬರುವುದು ನನಗೆ ತುಂಬ ಇಷ್ಟವಾದ ಪ್ರೋಗ್ರಾಂ, ವಿವ್‌ಡಯಲ್. ಕೆನಡಾದ ಡೇವ್ ಕೂಂಬ್ಸ್ ಮತ್ತು ಏವರಿ ಪೆನ್ನರುನ್ 1990ರ ದಶಕದ ಕೊನೆಯಲ್ಲಿ ಲಿನಕ್ಸ್‌ಗಾಗಿ ಬರೆದದ್ದು. ಅದಕ್ಕೆ ಬೇಕಾದದ್ದು ಮೂರೇ ಸಾಲು: ಫೋನ್ ನಂಬರು, ಯೂಸರ್‌ನೇಮ್, ಪಾಸ್‌ವರ್ಡ್. ಕಂಪನಿ ಕೊಟ್ಟ ಕಾಗದದಲ್ಲಿ ಇದ್ದದ್ದೂ ಅಷ್ಟೇ ಅಲ್ವಾ?

ಮಿಕ್ಕದ್ದನ್ನು ಅದು ಊಹಿಸುತ್ತಿತ್ತು. ಮೊದಲು ಮೋಡೆಮ್ ಸಿಕ್ಕಿಸುವ ಕಿಂಡಿಗಳಿಗೆಲ್ಲ, ಅಂದರೆ ಎಲ್ಲ ಸೀರಿಯಲ್ ಪೋರ್ಟ್‌ಗಳಿಗೂ ಎಟಿ ಎಂದು ಕಳಿಸಿ, ಯಾವುದರಿಂದ 'ಓಕೆ' ಬರುತ್ತದೋ ಅಲ್ಲಿ ಮೋಡೆಮ್ ಇದೆ ಎಂದು ಹಿಡಿಯುತ್ತಿತ್ತು. ಡಯಲ್ ಆಗಿ ಕೂಡಿಕೊಂಡ ಮೇಲೆ ಆ ಕಡೆಯಿಂದ ಬರುವುದನ್ನು ಓದುತ್ತಾ ಕೂರುತ್ತಿತ್ತು. ಲಾಗಿನ್‌ನಂಥ ಸಾಲು ಬಂದರೆ ಹೆಸರು ಕಳಿಸುವುದು, ಪಾಸ್‌ವರ್ಡ್‌ನಂಥದ್ದು ಬಂದರೆ ಪಾಸ್‌ವರ್ಡ್ ಕಳಿಸುವುದು. ~ ಎಂಬ ಬಳುಕಿದ ಗೆರೆ ಬಂದು, ಅದರ ಬೆನ್ನಿಗೆ }# ಮತ್ತು !}!}!} }4 ಎಂಬಂಥ ಕಸ ಕಂಡರೆ ಪಿಪಿಪಿ ಶುರುವಾಯಿತೆಂದು ಅರ್ಥ.

ಅದು ಕಸದಂತೆ ಕಾಣುವುದಕ್ಕೂ ಒಂದು ಕಾರಣವಿದೆ. ಪಿಪಿಪಿಯಲ್ಲಿ ಪ್ರತಿ ಕಟ್ಟಿನ ಆರಂಭಕ್ಕೆ ಹಾಕುವ ಗುರುತು ಯಾವುದೋ, ಪರದೆಯ ಮೇಲೆ ಅದೇ ~ ಆಗಿ ಕಾಣುತ್ತದೆ. 32ಕ್ಕಿಂತ ಕಡಿಮೆ ಬೆಲೆಯ ಅಕ್ಷರಗಳನ್ನು ಕೆಲವು ಮೋಡೆಮ್‌ಗಳು 'ನಿಲ್ಲು', 'ಹೊರಡು' ಎಂಬ ಆಜ್ಞೆ ಎಂದು ತಿಳಿದು ನುಂಗಿಬಿಡುವ ಅಪಾಯವಿತ್ತು. ಹಾಗಾಗಿ ಅವುಗಳಿಗಿಂತ ಮೊದಲು } ಎಂಬ ಒಂದು ಪುಷ್ಪಾವರಣ ಹಾಕಿ, ಬೆಲೆಗೆ 32 ಕೂಡಿಸಿ ಕಳಿಸುವುದು ರೂಢಿ. 1 ಎಂಬ ಬೆಲೆ }! ಆಗುತ್ತದೆ, 3 ಎಂಬುದು }# ಆಗುತ್ತದೆ. ಟರ್ಮಿನಲ್ (ಬರೀ ಅಕ್ಷರ ತೋರಿಸುವ ಕಿಟಕಿ) ತೆರೆದು ಕೈಯಾರೆ ಲಾಗಿನ್ ಮಾಡಿದವರು ಈ ಕಸ ಕಂಡು ಲೈನ್ ಕೆಟ್ಟಿದೆ ಅಂತ ಫೋನ್ ಕಟ್ ಮಾಡುತ್ತಿದ್ದರು. ನಿಜಕ್ಕೂ ಎಲ್ಲ ಸರಿಹೋಯಿತು ಅನ್ನುವ ಗುರುತು ಅದೇ ಆಗಿತ್ತು! ವಿವ್‌ಡಯಲ್ ಅದನ್ನು ಗುರುತಿಸಿ ಪಿಪಿಪಿ ಪ್ರೋಗ್ರಾಂಗೆ ಲೈನ್ ಒಪ್ಪಿಸುತ್ತಿತ್ತು. ಊಹೆ ತಪ್ಪಾದರೆ? ಅದಕ್ಕೂ ಸೆಟಿಂಗ್ ಇತ್ತು, ಹೆಸರು 'ಸ್ಟುಪಿಡ್ ಮೋಡ್'. ಅದನ್ನು ಹಾಕಿದರೆ ಏನೂ ಯೋಚಿಸದೆ ನೇರ ಪಿಪಿಪಿ ಶುರು. ತನ್ನ ಜಾಣತನವನ್ನು ಬಂದ್ ಮಾಡುವ ಸ್ವಿಚ್ಚನ್ನು ತಾನೇ ಕೊಟ್ಟ ಪ್ರೋಗ್ರಾಂ ನನಗೆ ಜಾಸ್ತಿ ಕಂಡಿಲ್ಲ.

ವಿಂಡೋಸ್ ಬಳಸುವವರಿಗೆ ದಾರಿ ಬೇರೆ. 1995ರ ಆಗಸ್ಟಿನಲ್ಲಿ ಬಂದ ವಿಂಡೋಸ್ 95ರಲ್ಲಿ ಟಿಸಿಪಿ/ಐಪಿ, ಪಿಪಿಪಿ ಎರಡೂ ಜೊತೆಗೇ ಬಂದವು. ಹೆಸರು ಡಯಲ್-ಅಪ್ ನೆಟ್‌ವರ್ಕಿಂಗ್. ಮುಂದೆ ಬಂದ ಸೆಟಪ್ ವಿಝಾರ್ಡ್ ಒಂದೊಂದೇ ಪ್ರಶ್ನೆ ಕೇಳಿ 'ಮುಂದೆ' ಒತ್ತಿಸುತ್ತಿತ್ತು. ಅಮೆರಿಕದಲ್ಲಿ ಅಮೆರಿಕ ಆನ್‌ಲೈನ್ ಎಂಬ ಇಂಟರ್ನೆಟ್ ಕಂಪನಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಪುಕ್ಕಟೆ ಡಿಸ್ಕ್‌ಗಳನ್ನು ಟಪಾಲಿನಲ್ಲಿ, ಪತ್ರಿಕೆಗಳ ಜೊತೆ ಹಂಚಿತು. ಡಿಸ್ಕ್ ಹಾಕಿದರೆ ಅದೇ ಉಚಿತ ನಂಬರಿಗೆ ಡಯಲ್ ಮಾಡಿ, ನಿಮ್ಮ ಊರಿನ ಹತ್ತಿರದ ನಂಬರು ಯಾವುದೆಂದು ತಂದುಕೊಡುತ್ತಿತ್ತು. ಹೀಗೆ ಫೋನ್ ನಂಬರಿನ ಪ್ರಶ್ನೆಯೂ ಹೋಯಿತು. ಆದರೆ ಸುಲಭವಾದ ಮೇಲೆ ಜನ ಮುಗಿಬಿದ್ದರು. 1996ರ ಡಿಸೆಂಬರಿನಲ್ಲಿ ತಿಂಗಳಿಗೆ 19.95 ಡಾಲರಿಗೆ ಎಷ್ಟು ಬೇಕಾದರೂ ಬಳಸಿ ಅಂದದ್ದೇ ತಡ, ಡಯಲ್ ಮಾಡಿದವರಿಗೆಲ್ಲ ಎಂಗೇಜ್ ಟೋನ್! 1998ರಲ್ಲಿ ಆಪಲ್‌ನ ಐಮ್ಯಾಕ್ ಒಳಗೇ ಮೋಡೆಮ್ ಇಟ್ಟುಕೊಂಡು ಬಂತು. ಕರೆಂಟಿಗೆ ಹಾಕಿ, ಫೋನಿಗೆ ಹಾಕಿ, ಮೂರನೇ ಹೆಜ್ಜೆ ಇಲ್ಲವೇ ಇಲ್ಲ ಅಂತ ಅದರ ಜಾಹೀರಾತು.

ಎಲ್ಲವನ್ನೂ ಮರೆಮಾಡಿದರೆ ಇನ್ನೊಂದು ತೊಂದರೆ ಶುರು. ಕೆಟ್ಟಾಗ ಏನು ಕೆಟ್ಟಿದೆ ಅಂತ ಗೊತ್ತಾಗುವುದಿಲ್ಲ. ವಿಂಡೋಸ್ ತೋರಿಸುತ್ತಿದ್ದ ಎರರ್ ನಂಬರುಗಳು ನೆನಪಿವೆಯಾ? 680 ಅಂದರೆ ಡಯಲ್ ಟೋನ್ ಇಲ್ಲ. 676 ಅಂದರೆ ಎಂಗೇಜ್. 691 ಅಂದರೆ ಹೆಸರೋ ಪಾಸ್‌ವರ್ಡೋ ತಪ್ಪು. 678 ಅಂದರೆ ಆ ಕಡೆಯವರು ಉತ್ತರ ಕೊಡಲಿಲ್ಲ. 720 ಬಂದರೆ ಬಹಳ ಸಲ ನಿಮ್ಮ ಕಂಪ್ಯೂಟರಿನ ಟಿಸಿಪಿ/ಐಪಿ ಸರಿಯಾಗಿ ಕೂತಿಲ್ಲ ಅಂತ. ಒಂದೊಂದು ನಂಬರೂ ನಾನು ಮೇಲೆ ಹೇಳಿದ ಒಂದೊಂದು ಹಂತದಲ್ಲಿ ಮುರಿದದ್ದನ್ನು ಹೇಳುತ್ತದೆ. ಅದನ್ನೇ ಮನುಷ್ಯರ ಮಾತಿನಲ್ಲಿ 'ಫೋನ್ ವೈರ್ ಹಾಕಿದ್ದೀರಾ ನೋಡಿ' ಅಂದಿದ್ದರೆ ಎಷ್ಟೋ ಕರೆ ಉಳಿಯುತ್ತಿತ್ತು.

ಕರೆ ಅಂದೆನಲ್ಲ, ಅದೂ ಒಂದು ಫಜೀತಿ. ಮನೆಗೆ ಇರುವುದು ಒಂದೇ ಲೈನ್. ಸಹಾಯವಾಣಿಗೆ ಫೋನ್ ಮಾಡಿದರೆ ಡಯಲ್ ಮಾಡಲಾಗದು, ಡಯಲ್ ಮಾಡಿದರೆ ಮಾತಾಡಲಾಗದು.

'ಸರ್, ಈಗ ಫೋನ್ ಇಟ್ಟು ಕನೆಕ್ಟ್ ಒತ್ತಿ ನೋಡಿ. ಆಗದಿದ್ದರೆ ಮತ್ತೆ ಮಾಡಿ.'

'ಆಮೇಲೆ ನೀವೇ ಸಿಗ್ತೀರೇನಪ್ಪಾ?'

'ಯಾರಾದ್ರೂ ಇರ್ತಾರೆ ಸರ್.'

ಆ 'ಯಾರಾದರೂ' ಮತ್ತೆ ಮೊದಲಿನಿಂದ ಕೇಳುತ್ತಿದ್ದರು.

ಡಯಲ್ ಟೋನ್ ವಿಷಯಕ್ಕೂ ಒಂದು ಮಾತು. ಒಂದು ದೇಶದ ಟೋನಿಗೆ ಹೊಂದಿಸಿದ ಮೋಡೆಮ್ ಇನ್ನೊಂದು ದೇಶದ ಎಕ್ಸ್‌ಚೇಂಜಿಗೆ ಸಿಕ್ಕಿಸಿದರೆ, ಕಿವಿಗೆ ಚೆನ್ನಾಗಿ ಕೇಳುವ ಟೋನನ್ನೇ 'ಇಲ್ಲ' ಅನ್ನಬಹುದು. ಮೋಡೆಮ್ ಸೆಟಿಂಗಿನಲ್ಲಿ ಎಕ್ಸ್3 ಎಂದು ಸೇರಿಸಿದರೆ ಟೋನಿಗೆ ಕಾಯದೆ ಡಯಲ್ ಮಾಡುತ್ತದೆ. ಇಂಥ ಎರಡಕ್ಷರ ಬಲ್ಲವರಿಗೆ ಆಗ ಬಹಳ ಮರ್ಯಾದೆ. ಲಿನಕ್ಸ್‌ನವರ ಗೋಳು ಬೇರೆ. ಅಗ್ಗದ ಇಂಟರ್ನಲ್ ಮೋಡೆಮ್‌ಗಳು ತಮ್ಮ ಅರ್ಧ ಕೆಲಸವನ್ನು ವಿಂಡೋಸ್ ಡ್ರೈವರಿಗೆ ದಾಟಿಸುತ್ತಿದ್ದವು. ಅವಕ್ಕೆ ವಿನ್‌ಮೋಡೆಮ್ ಎಂಬ ಹೆಸರೇ ಬಿತ್ತು. ವಿಂಡೋಸ್ ಇಲ್ಲದಿದ್ದರೆ ಅವು ಎಟಿ ಎಂದರೂ ಓಕೆ ಅನ್ನುವುದಿಲ್ಲ, ವಿವ್‌ಡಯಲ್ ಎಷ್ಟು ಹುಡುಕಿದರೂ ಸಿಗುವುದಿಲ್ಲ. ಸೀರಿಯಲ್ ಪೋರ್ಟಿಗೆ ಹಾಕುವ ಎಕ್ಸ್‌ಟರ್ನಲ್ ಮೋಡೆಮ್ ಕೊಂಡವರು ಬಚಾವ್.

ನಮ್ಮಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ಬಂದದ್ದು 1995ರ ಆಗಸ್ಟ್ 15ರಂದು, ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ ಮೂಲಕ. ಆಗ ಎರಡು ಬಗೆಯ ಖಾತೆ. ಟಿಸಿಪಿ/ಐಪಿ ಖಾತೆಯಲ್ಲಿ ಚಿತ್ರಗಳಿರುವ ವೆಬ್ ಕಾಣುತ್ತಿತ್ತು, ಬೆಲೆ ಜಾಸ್ತಿ. ಶೆಲ್ ಖಾತೆ ಅಗ್ಗ, ಆದರೆ ಬರೀ ಅಕ್ಷರ. ತಮಾಷೆ ಅಂದರೆ ಸೆಟಪ್ ವಿಷಯದಲ್ಲಿ ಶೆಲ್ಲೇ ಸುಲಭ. ಟರ್ಮಿನಲ್ ಪ್ರೋಗ್ರಾಂನಿಂದ ಡಯಲ್ ಮಾಡಿ ಲಾಗಿನ್ ಆದರೆ ಮುಗಿಯಿತು, ಇಂಟರ್ನೆಟ್ ಇರುವುದು ಆ ಕಡೆಯ ಕಂಪ್ಯೂಟರಿನಲ್ಲಿ. ಪಿಪಿಪಿಯೂ ಬೇಡ, ವಿಳಾಸವೂ ಬೇಡ. 1998ರ ಕೊನೆಗೆ ಖಾಸಗಿ ಕಂಪನಿಗಳಿಗೂ ಬಾಗಿಲು ತೆರೆಯಿತು. ಸತ್ಯಂ ಆನ್‌ಲೈನ್‌ನಂಥವರು ಬಂದರು, ಸೆಟಪ್ ಸಿಡಿಗಳೂ ಬಂದವು.

ಪ್ರಶ್ನೆಗಳನ್ನು ತೆಗೆಯುವುದರಲ್ಲಿ ಕೊನೆಯ ಹೆಜ್ಜೆ ಇಟ್ಟದ್ದು, ನನ್ನ ಪ್ರಕಾರ, ಬಿಎಸ್‌ಎನ್‌ಎಲ್‌ನ ನೆಟ್‌ಒನ್ ಥರದ ಸೇವೆ. 172ರಿಂದ ಶುರುವಾಗುವ ಒಂದು ಪುಟ್ಟ ನಂಬರಿಗೆ ಡಯಲ್ ಮಾಡಬೇಕು. ಮೊದಲೇ ಹೋಗಿ ಖಾತೆ ಮಾಡಿಸಿಕೊಳ್ಳುವುದು ಬೇಡ. ಯಾವ ಲ್ಯಾಂಡ್‌ಲೈನಿನಿಂದ ಕರೆ ಬಂದಿದೆ ಅಂತ ಎಕ್ಸ್‌ಚೇಂಜಿಗೆ ಹೇಗೂ ಗೊತ್ತು. ಆ ಫೋನ್ ಬಿಲ್ಲಿಗೇ ಇಂಟರ್ನೆಟ್ ಹಣ ಸೇರುತ್ತಿತ್ತು. ಯಾರು ನೀವು ಅನ್ನುವ ಪ್ರಶ್ನೆಗೆ ತಾಮ್ರದ ತಂತಿಯೇ ಉತ್ತರ.

ಆದರೆ ಸುಲಭ ಅನ್ನುವುದಕ್ಕೂ ಬಿಲ್ ಬಂತು. ಬ್ರೌಸರ್ ತೆರೆದ ಕೂಡಲೇ ತಾನೇ ಡಯಲ್ ಮಾಡುವ ಸೌಲಭ್ಯ ಬಂದ ಮೇಲೆ, ಯಾವುದೋ ಪ್ರೋಗ್ರಾಂ ನಡುರಾತ್ರಿ ಲೈನ್ ಎತ್ತಿದರೂ ಗೊತ್ತಾಗದು. ಗಡಿಯಾರದ ಪಕ್ಕ ಮಿನುಗುವ ಎರಡು ಪುಟ್ಟ ಪರದೆಯ ಚಿಹ್ನೆ ನೋಡಿ ತಿಳಿಯಬೇಕು. ಇದನ್ನೇ ಹಿಡಿದು ಕಳ್ಳ ಡಯಲರ್‌ಗಳೂ ಹುಟ್ಟಿದವು. ನಿಮ್ಮ ಕಂಪನಿಯ ನಂಬರನ್ನು ಸದ್ದಿಲ್ಲದೆ ಬದಲಿಸಿ ದುಬಾರಿ ವಿದೇಶಿ ನಂಬರಿಗೆ ಕರೆ ಮಾಡುವ ಪ್ರೋಗ್ರಾಂಗಳು. ಮೋಡೆಮ್ಮಿನ ಸ್ಪೀಕರ್ ಆನ್ ಇಟ್ಟವರಿಗೆ ಕನಿಷ್ಠ ಕೂಗಾಟ ಕೇಳುತ್ತಿತ್ತು. ಸದ್ದು ಕಿರಿಕಿರಿ ಅಂತ ಎಂ0 ಹಾಕಿ ಬಂದ್ ಮಾಡಿದವರಿಗೆ ತಿಂಗಳ ಕೊನೆಗೆ ಬಿಲ್ಲೇ ಕೇಳಿಸಿತು. ಕನೆಕ್ಟ್ ಆಗುವುದನ್ನು ಎಷ್ಟು ಸುಲಭ ಮಾಡಿದರೋ, ಕನೆಕ್ಟ್ ಆಗಿದೆ ಎಂದು ತಿಳಿಯುವುದನ್ನೂ ಅಷ್ಟೇ ಸುಲಭ ಮಾಡಬೇಕಿತ್ತು.

ಡಯಲ್-ಅಪ್ ಹೋಯಿತು. ಅಮೆರಿಕ ಆನ್‌ಲೈನ್ ಕೂಡ 2025ರ ಸೆಪ್ಟೆಂಬರ್ 30ಕ್ಕೆ ತನ್ನ ಡಯಲ್-ಅಪ್ ಸೇವೆ ನಿಲ್ಲಿಸಿತು. ಆದರೆ ಅದರ ಪಡಿಯಚ್ಚು ಎಲ್ಲೆಲ್ಲೂ ಇದೆ. ಮೊಬೈಲ್ ಇಂಟರ್ನೆಟ್ ಕೊಡುವ ಯುಎಸ್‌ಬಿ ಡಾಂಗಲ್‌ಗಳ ಕಾಲದಲ್ಲಿ ಲಿನಕ್ಸ್‌ನವರು ಮತ್ತೆ ವಿವ್‌ಡಯಲ್ ಹುಡುಕಿ ತೆಗೆದರು. 3ಜಿ ಡಾಂಗಲ್‌ಗೆ *99# ಅಂತ, ಸಿಡಿಎಂಎ ಎಂಬ ಇನ್ನೊಂದು ಬಗೆಯ ಮೊಬೈಲ್ ಜಾಲದ ಡಾಂಗಲ್‌ಗೆ #777 ಅಂತ, ಅದೇ ಎಟಿಡಿಟಿ ಆಜ್ಞೆ ಕೊಟ್ಟು ಡಯಲ್ ಮಾಡಿದರು. ಈಗ ಮನೆಗೆ ಫೈಬರ್ ಬಂದಿದ್ದರೆ, ರೌಟರಿನ ಪುಟ ತೆರೆದು ನೋಡಿ. ಬಹಳ ಮನೆಗಳಲ್ಲಿ ಪಿಪಿಪಿಒಇ (ಈಥರ್ನೆಟ್ ಎಂಬ ವೈರಿನ ಜಾಲದ ಮೇಲೆ ಸಾಗುವ ಪಿಪಿಪಿ) ಎಂಬ ಪದ, ಅದರ ಕೆಳಗೆ ಯೂಸರ್‌ನೇಮ್, ಪಾಸ್‌ವರ್ಡ್ ಇರುತ್ತವೆ. ಒಳಗೆ ನಡೆಯುವುದು ಅದೇ 0.0.0.0 ಚೌಕಾಸಿ. ಪಕ್ಕದಲ್ಲಿ ಎಂಟಿಯು 1492 ಅಂತಲೂ ಕಾಣಬಹುದು. ಸಾಮಾನ್ಯ ಈಥರ್ನೆಟ್ಟಿನ 1500ರಲ್ಲಿ ಪಿಪಿಪಿಒಇ ತನ್ನ ಪಾಲಿಗೆ 8 ಬೈಟ್ ತೆಗೆದುಕೊಳ್ಳುತ್ತದೆ, ಅದಕ್ಕೆ. ಕಳೆಯುವ ಲೆಕ್ಕವನ್ನು ಈಗ ರೌಟರೇ ಮಾಡಿಕೊಳ್ಳುತ್ತದೆ.